‘ಬ್ರೈಟನ್ ಕ್ಯಾಂಪ್’ ಇಂಗ್ಲಿಷರದ್ದಾ ಐರಿಷರದ್ದಾ?

ಪಿಟೀಲ್ ರಾಘು: ನಿನ್ನೆ ‘ಬ್ರೈಟನ್ ಕ್ಯಾಂಪ್’ ನುಡಿಸಿದೆ, ಪಕ್ಕದಲ್ಲಿದ್ದೋರು ‘ಓ, ದಿ ಗರ್ಲ್ ಐ ಲೆಫ್ಟ್ ಬಿಹೈಂಡ್ ಮಿ, ಐರಿಷ್ ಟ್ಯೂನು’ ಅಂದ್ರು. ಎರಡೂ ಒಂದೇ ಟ್ಯೂನು, ಒಪ್ತೀನಿ, ಆದ್ರೆ ಇದು ಇಂಗ್ಲಿಷರದ್ದೇ. ದಕ್ಷಿಣ ಇಂಗ್ಲೆಂಡಿನ ಸಸೆಕ್ಸ್ ಕಡಲತೀರದ ಸೈನ್ಯದ ಕ್ಯಾಂಪಿನ ಹೆಸರೇ ಇದೆಯಲ್ಲ. ಹಳೇ ಇಂಗ್ಲಿಷ್ ಹಾಡುಗಳನ್ನ ಸಂಗ್ರಹಿಸಿದ ಚಾಪೆಲ್ ಇದು 1758ರದ್ದು ಅಂತಾನೆ. ಮುಗೀತು.

ಕಮಾನು: ‘ಹೆಸರೇ ಇದೆಯಲ್ಲ’ ಅಂದ್ರೇನ್ರೀ? ಹೆಸರು ಯಾರು ಯಾವಾಗ ಬೇಕಾದ್ರೂ ಇಡ್ಬೋದು. ಸಂಗೀತ ಸಂಗ್ರಹಕಾರ ಬಂಟಿಂಗ್ ತನ್ನ 1840ರ ಐರಿಷ್ ಟ್ಯೂನುಗಳ ಸಂಗ್ರಹದಲ್ಲಿ ಇದನ್ನ ಹಾಕಿದಾನೆ, ಹಾರ್ಪ್ ವಾದಕ ಆರ್ಥರ್ ಓನೀಲ್ ಹತ್ರ 1800ರಲ್ಲಿ ಕೇಳಿದ್ದು.

ಪಿಟೀಲ್ ರಾಘು: 1758 ಮೊದಲಾ 1800 ಮೊದಲಾ, ನೀವೇ ಹೇಳಿ.

ವತ್ಸಲಾ: ಆ 1758 ಎಲ್ಲಿಂದ ಬಂತು ಅಂತ ನೋಡಿದೀರಾ? ಚಾಪೆಲ್ ಪುಸ್ತಕ ಬಂದಿದ್ದೇ 1850ರ ದಶಕದಲ್ಲಿ, ಫ್ರೆಂಚ್ ನೌಕಾಪಡೆ ಭಯಕ್ಕೆ ಕರಾವಳೀಲಿ ಕ್ಯಾಂಪ್ ಹಾಕಿದ್ದ ಕಾಲ ಹಿಡ್ಕೊಂಡು ಊಹೆ ಮಾಡಿದಾನೆ ಅಷ್ಟೆ. ಬ್ರೈಟನ್ನಿನ ದೊಡ್ಡ ಕ್ಯಾಂಪ್ 1793ರದ್ದು. 1758ರಲ್ಲಿ ಆ ಊರಿನ ಹೆಸರೇ ಬ್ರೈಟನ್ ಅಲ್ಲ, ಬ್ರೈಟ್‌ಹೆಲ್ಮ್‌ಸ್ಟೋನ್.

ಸಸೆಕ್ಸ್ ಸೊಸೆ: ‘ಹೆಸರೇ ಬ್ರೈಟನ್ ಅಲ್ಲ’ ಅನ್ನೋದು ತಪ್ಪು ಮೇಡಂ. 1810ರಲ್ಲಿ ಅಧಿಕೃತ ಆಯ್ತು, ಜನರ ಬಾಯಲ್ಲಿ 17ನೇ ಶತಮಾನದಿಂದಲೇ ಬ್ರೈಟನ್. 2014ರ ತನಕ ಇಂಗ್ಲಿಷ್ ಕಾಗದಪತ್ರದಲ್ಲಿ ಬ್ಯಾಂಗಲೋರ್ ಇತ್ತು, ಮನೇಲಿ ನಾವು ಬೆಂಗ್ಳೂರು ಅಂತಿರ್ಲಿಲ್ವಾ?

ವತ್ಸಲಾ: ಬೆಂಗಳೂರು ಯಾಕ್ರೀ ಮಧ್ಯ? ಬ್ರೈಟನ್ ಅಂತ ಬರೆದಿರೋ 1758ರ ಒಂದು ಸ್ವರಲಿಪಿ ತೋರಿಸಿ ಸಾಕು.

ಸಸೆಕ್ಸ್ ಸೊಸೆ: ಸ್ವರಲಿಪಿ ಮಾತು ಆಮೇಲೆ. ಮೊದಲು ಊರಿನ ಹೆಸರು ತಪ್ಪು ಹೇಳಿದೆ ಅಂತ ಒಪ್ಕೊಳ್ಳಿ!

ವತ್ಸಲಾ: ಅಧಿಕೃತ ಹೆಸರು ಅಂತ ಓದ್ಕೊಳ್ಳಿ. ಒಂದು ಪದ ಬಿಟ್ಟಿದ್ದಕ್ಕೆ ಇಷ್ಟು ಕೂಗಾಡ್ಬೇಕಾ?

ಸಸೆಕ್ಸ್ ಸೊಸೆ: ಕೂಗಾಡ್ತಿರೋರು ಯಾರು ಅಂತ ಎಲ್ರಿಗೂ ಕಾಣತ್ತೆ.

ಗೆಜ್ಜೆಕಾಲು: ಊರು ಬಿಟ್ಟು ಟ್ಯೂನಿಗೆ ಬನ್ನಿ. ಜಿ ಮೇಜರ್‌ನಲ್ಲಿ ಇ ತಂತಿ ಮೇಲೆ ಎರಡನೇ ಬೆರಳಿಟ್ಟು ಶುರು, ಅಲ್ಲಿಂದ ಸರಸರ ಡಿ ತಂತಿ ತನಕ ಇಳಿಯತ್ತೆ. ನಾವಿದನ್ನ ಮಾರಿಸ್ ಅನ್ನೋ ಇಂಗ್ಲಿಷ್ ಜನಪದ ಕುಣಿತಕ್ಕೆ ನುಡಿಸ್ತೀವಿ, ಪ್ರತಿ ಬೀಟಿಗೂ ಕಮಾನು ಒತ್ತಿ. ಸ್ವರ ಸ್ವರಕ್ಕೂ ಐರಿಷ್ ರೋಲ್ (ಅಕ್ಕಪಕ್ಕದ ಸ್ವರಗಳನ್ನ ಚಕಚಕ ಮುಟ್ಟಿ ಬರೋ ಅಲಂಕಾರ) ಹಾಕಿ ನೋಡಿ, ಕುಣಿಯೋರ ಕಾಲು ನೆಲದಿಂದ ಏಳಲ್ಲ.

ಕಮಾನು: ‘ಕಾಲು ಏಳಲ್ಲ’ವಂತೆ! ಐರ್ಲೆಂಡಲ್ಲಿ ಇದೇ ಟ್ಯೂನಿಗೆ ಪೋಲ್ಕಾ ಕುಣೀತಾರೆ, ನೋಡ್ಕೊಂಡ್ ಬಂದು ಮಾತಾಡಿ.

ಪಿಟೀಲ್ ರಾಘು: ಸರಿ, ವತ್ಸಲಾ ಅವರ 1793ನೇ ಇಟ್ಕೊಳ್ಳಿ. ಆಗ್ಲೂ 1800ಕ್ಕಿಂತ ಮುಂಚೆನೇ.

ವತ್ಸಲಾ: 1793 ಕ್ಯಾಂಪ್ ಹಾಕಿದ ವರ್ಷ ರೀ, ಟ್ಯೂನ್ ಕಟ್ಟಿದ್ದಲ್ಲ!