ಪದಚರ್ಚೆ: ‘ಫ್ಲೋಟ್’ಗೆ ‘ಸವಡು’ ಇರುವಾಗ ‘ತೇಲುಕಾಲ’ ಯಾಕೆ?

ಕಟ್ಟಡದ ಕೆಲಸದ ಪಟ್ಟಿಯಲ್ಲಿ ಬರುವ ‘ಫ್ಲೋಟ್’ಗೆ (ಇಡೀ ಕೆಲಸ ತಡವಾಗದಂತೆ ಒಂದು ಕೆಲಸವನ್ನು ಎಷ್ಟು ದಿನ ಮುಂದೂಡಬಹುದು ಅನ್ನೋದಕ್ಕೆ) ಕನ್ನಡ ಏನು, ನಾಳೆ ಸೈಟಿನ ಬೋರ್ಡ್ ಬರೆಸಬೇಕು ಅಂತ ಕೇಳಿದ್ದೀರಿ. ಇಂಗ್ಲಿಷಿನ ಪದಕ್ಕೆ ಪದ ಇಟ್ಟ ‘ತೇಲುಕಾಲ’ ಬೇಡವೇ ಬೇಡ. ಗೌಂಡಿ ಅದನ್ನು ಓದಿದರೆ ನೀರಿನ ಟ್ಯಾಂಕಿನ ಮಾತು ಅಂದುಕೊಳ್ಳುತ್ತಾನೆ.

ನಮ್ಮ ಹುಬ್ಬಳ್ಳಿ-ಧಾರವಾಡದಲ್ಲಿ ಪದ ಇದ್ದೇ ಇದೆ. ಸವಡು. ಹೋದ ಬೇಸಿಗೆಯಲ್ಲಿ ಧಾರವಾಡದ ಒಂದು ಮನೆಗೆ ಸ್ಲ್ಯಾಬ್ ಹಾಕಿದ್ದೆವು. ನಾಲ್ಕೂವರೆ ಮೀಟರ್ ಒಳಗಿನ ಸ್ಪ್ಯಾನ್, ಅಂದರೆ ಆಧಾರದಿಂದ ಆಧಾರಕ್ಕೆ ಇರುವ ದೂರ. ಕಾಂಕ್ರೀಟಿನ ಭಾರತೀಯ ಮಾನದಂಡ ಐಎಸ್ 456 ಪ್ರಕಾರ ಮಾಮೂಲಿ ಸಿಮೆಂಟಿಗೆ 7 ದಿನ ಸ್ಲ್ಯಾಬಿನ ಕೆಳಗೆ ಆಸರೆ ಕೊಟ್ಟ ಸೆಂಟ್ರಿಂಗ್ ಕಂಬ ತೆಗೆಯುವಂತಿಲ್ಲ. ಅಲ್ಲಿವರೆಗೆ ಒಳಗೋಡೆ ಶುರುವಾಗಲ್ಲ. ಕಂಪೌಂಡ್ ಕೆಲಸ 4 ದಿನದ್ದು, ಆದರೆ ಎರಡಕ್ಕೂ ಅವರೇ ಗೌಂಡಿಗಳು, ಹಾಗಾಗಿ ಒಳಗೋಡೆ ಶುರುವಾಗುವುದರೊಳಗೆ ಅದು ಮುಗಿಯಬೇಕು. ‘ಕಂಪೌಂಡ್ ಇವತ್ತ ಹಿಡಿಯೋಣೇನ್ರಿ?’ ಅಂತ ಮೇಸ್ತ್ರಿ ಕೇಳಿದ. ‘ಅವಸರಿಲ್ಲ, ಅದಕ್ಕ ಇನ್ನೂ ಮೂರು ದಿನ ಸವಡೈತಿ’ ಅಂದೆ. ಏಳರಲ್ಲಿ ನಾಲ್ಕು ಹೋದರೆ ಮೂರು. ಫ್ಲೋಟ್ ಅಂದರೆ ಇಷ್ಟೇ ಅಲ್ವಾ? ಮೇಸ್ತ್ರಿಗೆ ಬಿಡಿಸಿ ಹೇಳಬೇಕಾಗಲಿಲ್ಲ.

‘ಬಿಡುವು’ ಒಳ್ಳೆಯ ಪದ, ಆದರೆ ಇಲ್ಲಿ ಸರಿಹೋಗಲ್ಲ. ಬಿಡುವು ಅಂದರೆ ಕೆಲಸ ನಿಂತಿದೆ ಅಂತ ಕೇಳಿಸುತ್ತದೆ. ಇಲ್ಲಿ ಕೆಲಸ ನಿಂತಿಲ್ಲ, ತಡವಾದರೂ ನಡೆಯುತ್ತದೆ ಅಷ್ಟೇ.

ಸವಡು ಮರಾಠಿ, ಅದರ ಬದಲು ‘ಪುರುಸೊತ್ತು’ ಬಳಸಿ ಅಂತ ಒಬ್ಬರು ಬರೆದಿದ್ದಾರೆ. ಮರಾಠಿಯಲ್ಲಿ ‘ಸವಡ’ ಇದೆ, ನಿಜ. ಪುರುಸೊತ್ತು ಎಲ್ಲಿಯದು? ಅರಬ್ಬಿಯ ‘ಫುರ್ಸತ್’. ಗೌಂಡಿ ಮರಾಠಿಯ ಗವಂಡಿ, ಮೇಸ್ತ್ರಿ ಪೋರ್ಚುಗೀಸ್. ಇವನ್ನೆಲ್ಲ ತೆಗೆದರೆ ಸೈಟಿನಲ್ಲಿ ಮಾತೇ ನಡೆಯಲ್ಲ. ಬೆಂಗಳೂರಿನ ಕಿವಿಗೆ ರೂಢಿಯಾದ ಅರಬ್ಬಿ ಪದ ಕನ್ನಡ, ನಮ್ಮ ಮನೆಯಲ್ಲಿ ಅಜ್ಜಿ ಆಡುತ್ತಿದ್ದ ಪದ ಮಾತ್ರ ಹೊರಗಿನದು ಅಂದರೆ ನಾನು ಒಪ್ಪಲ್ಲ. ಈ ಮಾತು ಕೇಳಿ ಕೇಳಿ ಸಾಕಾಗಿದೆ.

ಸವಡು ಹಿಡಿದರೆ ಇನ್ನೊಂದು ತೊಡಕೂ ಬಿಡುತ್ತದೆ. ‘ಕ್ರಿಟಿಕಲ್ ಪಾತ್’ಗೆ ‘ನಿರ್ಣಾಯಕ ಪಥ’ ಅಂತ ಬರೆಯುತ್ತಾರೆ, ಓದಿದವರಿಗೆ ಏನೂ ತಿಳಿಯಲ್ಲ. ಅಮೆರಿಕದ ಡುಪಾಂಟ್ ಕಂಪನಿಯವರು 1950ರ ದಶಕದ ಕೊನೆಗೆ ಈ ಕ್ರಿಟಿಕಲ್ ಪಾತ್ ಲೆಕ್ಕ ಹಾಕಿದಾಗ ಹುಡುಕಿದ್ದು, ಒಂದು ದಿನ ತಡವಾದರೂ ಇಡೀ ಕೆಲಸ ತಡವಾಗುವ ಸಾಲನ್ನು. ಅದನ್ನು ‘ಸವಡಿಲ್ಲದ ಸಾಲು’ ಅನ್ನಿ.

ಬೋರ್ಡಿಗೆ ಹೀಗೆ ಬರೆಸಿ: ಕಂಪೌಂಡ್ ಗೋಡೆ, ಕೆಲಸ 4 ದಿನ, ಸವಡು 3 ದಿನ. ಸವಡಿಲ್ಲದ ಕೆಲಸಗಳನ್ನು ಕೆಂಪು ಬಣ್ಣದಲ್ಲಿ ಬರೆಸಿ.