ಅಪ್‌ಡೇಟ್: ಓದಿದ್ದು ನೆನಪಿರುತ್ತಿಲ್ಲ ಎಂದಿದ್ದೆ, ಕಾರಣ ಸಿಕ್ಕಿತು

ದಿನಕ್ಕೆ 4 ಗಂಟೆ ಓದಿದರೂ ಪರೀಕ್ಷೆಯಲ್ಲಿ ಏನೂ ನೆನಪಾಗುವುದಿಲ್ಲ ಎಂದು ಎರಡು ವಾರದ ಹಿಂದೆ ಕೇಳಿದ್ದೆ. ಸಲಹೆ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್. ಬೆಳಿಗ್ಗೆ ಬೇಗ ಏಳುವುದು ನನಗೆ ಒಗ್ಗಲಿಲ್ಲ, ಟೈಮ್‌ಟೇಬಲ್ ಕೂಡ ಮೂರೇ ದಿನ. ಮಲಗುವ ಮುಂಚೆ ಪುಸ್ತಕ ಮುಚ್ಚಿಟ್ಟು, ಇವತ್ತು ಏನು ಓದಿದೆ, ಎಲ್ಲಿ ತಡವರಿಸಿದೆ, ಯಾಕೆ ಎಂದು 10 ನಿಮಿಷ ಬರೆಯಿರಿ ಅಂತ ಒಬ್ಬರು ಹೇಳಿದ್ದರಲ್ವಾ, ಕೆಲಸ ಮಾಡಿದ್ದು ಅದೇ. ಮೊದಲ ರಾತ್ರಿ ಎರಡು ಸಾಲಿಗಿಂತ ಜಾಸ್ತಿ ಬರೆಯಲು ಆಗಲಿಲ್ಲ, ತುಂಬಾ ಬೇಜಾರಾಯಿತು. ವಾರದ ಕೊನೆಗೆ ಆ ಪುಟಗಳನ್ನು ತಿರುವಿದಾಗ ಗೊತ್ತಾಯಿತು, ನಾನು ಗೆರೆ ಎಳೆಯುತ್ತಾ ಸುಮ್ನೆ ಮತ್ತೆ ಮತ್ತೆ ಓದುತ್ತಿದ್ದೆ, ಕಣ್ಣಿಗೆ ಪರಿಚಯವಾದದ್ದನ್ನೇ ಕಲಿತೆ ಅಂದುಕೊಂಡಿದ್ದೆ. ಲೆಕ್ಕದಲ್ಲಿ ಬಹುಪಾಲು ತಪ್ಪುಗಳು ಪ್ರಶ್ನೆಯನ್ನು ಸರಿಯಾಗಿ ಓದದೆ ಆದವು, ಇದನ್ನಂತೂ ಊಹಿಸಿರಲಿಲ್ಲ. ಈಗ ಓದಿದ್ದನ್ನು ನೋಡದೆ ಬರೆದು, ಬಿಟ್ಟುಹೋದದ್ದನ್ನು ಮಾತ್ರ ಮರುದಿನ ನೋಡುತ್ತೇನೆ. ಮೊನ್ನೆಯ ಟೆಸ್ಟ್‌ನಲ್ಲಿ 25ಕ್ಕೆ 19 ಬಂತು, ಹಿಂದಿನ ಸಲ 11 ಇತ್ತು.