ಪದಚರ್ಚೆ: ಪುಟ್ಟ ಮಕ್ಕಳ ಲೆಕ್ಕದಲ್ಲಿ ‘ಸಣ್ಣ’, ‘ಇಬ್ಬರು’, ‘ವರಸೆ’ – ನಿಮ್ಮ ಕಡೆ ಏನಂತೀರಿ?

ಎಲ್ಲರಿಗೂ ನಮಸ್ಕಾರ.

ನಾಲ್ಕು ವರ್ಷದ ಮಗಳಿಗೆ ಮನೆಯಲ್ಲೇ ಲೆಕ್ಕದ ಆಟ ಆಡಿಸುತ್ತಿದ್ದೇನೆ. ಕೂಡುವುದು ಕಳೆಯುವುದು ಇನ್ನೂ ದೂರ. ಎಣಿಸುವುದು, ಹೋಲಿಸುವುದು, ಬೇರೆ ಬೇರೆ ಮಾಡಿ ಇಡುವುದು, ಸದ್ಯಕ್ಕೆ ಇಷ್ಟೇ. ಕೈಗೆ ಸಿಗುವ ಹಾಳೆ, ಕಾರ್ಡುಗಳಲ್ಲಿ ಹೆಚ್ಚಿನವು ಇಂಗ್ಲಿಷಿನವು. ಚಿತ್ರ ಚೆನ್ನಾಗಿರುತ್ತವೆ, ಕೆಳಗಿನ ಮಾತನ್ನು ಕನ್ನಡ ಮಾಡಿಕೊಂಡರೆ ಮುಗೀತು ಅನ್ನಿಸುತ್ತದೆ. ಆದರೆ ಕೆಲವು ಕಡೆ ಅಷ್ಟಕ್ಕೇ ಮುಗಿಯುವುದಿಲ್ಲ. ಚಿತ್ರವನ್ನೇ ಬದಲಾಯಿಸಬೇಕಾಗುತ್ತದೆ, ಕೆಲವೊಮ್ಮೆ ಆಟದ ಸಾಮಾನನ್ನೇ. ಅಂಥ ಪದಗಳ ಬಗ್ಗೆ ನಿಮ್ಮನ್ನು ಕೇಳಬೇಕಿತ್ತು. ನಮ್ಮದು ಮೈಸೂರು ಕಡೆಯ ಮಾತು. ಬೇರೆ ಕಡೆಯವರು ಏನನ್ನುತ್ತಾರೆ ಅಂತ ತಿಳಿಯುವ ಆಸೆ ಜಾಸ್ತಿ.

ಮೊದಲು ‘ಸಣ್ಣ’. ಒಂದು ಹಾಳೆಯಲ್ಲಿ ಎರಡು ಪೆನ್ಸಿಲ್ ಇವೆ. ಒಂದು ದಪ್ಪಗೆ, ತುಂಡಾಗಿದೆ. ಇನ್ನೊಂದು ತೆಳ್ಳಗೆ, ಉದ್ದವಾಗಿದೆ. ಹಾಳೆಯಲ್ಲಿ ಕಲಿಸಬೇಕಿರುವುದು ದಪ್ಪ ಮತ್ತು ಅದರ ಎದುರು ಪದ. ನಮ್ಮ ಮನೆಯಲ್ಲಿ ದಪ್ಪಕ್ಕೆ ಎದುರು ‘ಸಣ್ಣ’. ದಪ್ಪ ರವೆ–ಸಣ್ಣ ರವೆ, ದಪ್ಪ ಅಕ್ಕಿ–ಸಣ್ಣ ಅಕ್ಕಿ, ಜ್ವರ ಬಂದು ಸಣ್ಣಗಾದ ಅಂತೀವಿ. ‘ಸಣ್ಣ ಪೆನ್ಸಿಲ್ ತೋರಿಸು’ ಅಂದರೆ ಮಗು ತೋರಿಸುವುದು ತುಂಡು ಪೆನ್ಸಿಲನ್ನೇ, ಅಂದರೆ ದಪ್ಪನೆಯದನ್ನು! ಮಗುವಿನ ಉತ್ತರ ಸರಿಯಾಗೇ ಇದೆ. ಸಣ್ಣ ಅಂದರೆ ಚಿಕ್ಕದು ಅಂತಲೂ ಆಗುತ್ತದಲ್ವಾ, ಸಣ್ಣ ಊರು, ಸಣ್ಣ ಮಗು ಅನ್ನುವ ಹಾಗೆ.

ಹಾಗಾದರೆ ‘ತೆಳು’ ಅನ್ನೋಣವೇ? ನನ್ನ ಕಿವಿಗೆ ತೆಳು ಅಂದರೆ ಹಾಸಿದಂತೆ ಇರುವ ವಸ್ತು. ತೆಳು ದೋಸೆ, ತೆಳು ಬಟ್ಟೆ, ತೆಳು ಹಾಳೆ. ದಾರಕ್ಕೆ, ಕಡ್ಡಿಗೆ ಸಣ್ಣ ಅನ್ನುವುದೇ ನಾಲಿಗೆಗೆ ಬರುತ್ತದೆ. ‘ದಪ್ಪ’ ಕೂಡ ಸರಳವಲ್ಲ. ನಮ್ಮ ಕಡೆ ದಪ್ಪ ಕಲ್ಲು ಅಂದರೆ ದೊಡ್ಡ ಕಲ್ಲೇ. ದಪ್ಪ ಮೆಣಸಿನಕಾಯಿ ಅನ್ನುವಾಗ ಗಾತ್ರ, ಸುತ್ತಳತೆ ಎರಡೂ ಸೇರಿರುತ್ತವೆ.

ಇದಕ್ಕೆ ನನಗೆ ದಾರಿ ಕಂಡದ್ದು ಮಾಂಟೆಸರಿ ಸಾಮಾನುಗಳಲ್ಲಿ. ಮಾರಿಯಾ ಮಾಂಟೆಸರಿ 1907ರಲ್ಲಿ ರೋಮ್‌ನಲ್ಲಿ ಮೊದಲ ಮಕ್ಕಳ ಮನೆ ತೆರೆದವರು, 1939ರಲ್ಲಿ ಮದ್ರಾಸಿನ ಅಡ್ಯಾರಿಗೂ ಬಂದು ಶಿಕ್ಷಕರಿಗೆ ತರಬೇತಿ ಕೊಟ್ಟವರು. ಅವರ ಸಾಮಾನುಗಳಲ್ಲಿ ಒಂದು ಸಲಕ್ಕೆ ಒಂದೇ ಗುಣ ಬದಲಾಗುತ್ತದೆ. ಕೆಂಪು ಕೋಲುಗಳು ಹತ್ತು, ಎಲ್ಲವೂ ಒಂದೇ ದಪ್ಪ. ಉದ್ದ ಮಾತ್ರ 10 ಸೆಂಟಿಮೀಟರಿನಿಂದ ಒಂದು ಮೀಟರಿನವರೆಗೆ ಏರುತ್ತದೆ. ಕಂದು ಮೆಟ್ಟಿಲಿನ ಹತ್ತು ತುಂಡುಗಳೂ 20 ಸೆಂಟಿಮೀಟರ್ ಉದ್ದ, ದಪ್ಪ ಮಾತ್ರ ಬೇರೆ ಬೇರೆ. ಗುಲಾಬಿ ಗೋಪುರದ ಘನಗಳಲ್ಲಿ ಎಲ್ಲ ಅಳತೆಯೂ ಒಟ್ಟಿಗೇ ಏರುತ್ತದೆ. ಹೀಗಿದ್ದಾಗ ಮಗುವಿಗೆ ಪದ ಯಾವುದಕ್ಕೆ ಹೇಳಿದ್ದು ಅನ್ನುವ ಗೊಂದಲ ಇರುವುದಿಲ್ಲ. ಆ ಸೆಟ್ಟುಗಳ ಬೆಲೆ ಜಾಸ್ತಿ. ಅದೇ ಗುಟ್ಟನ್ನು ಇಟ್ಟುಕೊಂಡು ಮನೆಯಲ್ಲಿ ಹೀಗೆ ಮಾಡುತ್ತಿದ್ದೇನೆ: ಹಗ್ಗ, ಹುರಿ, ದಾರ, ನೂಲು, ನಾಲ್ಕನ್ನೂ ಒಂದೇ ಉದ್ದಕ್ಕೆ ಕತ್ತರಿಸಿ ದಪ್ಪಕ್ಕೆ. ಪೊರಕೆ ಕಡ್ಡಿಗಳನ್ನು ಬೇರೆ ಬೇರೆ ಉದ್ದಕ್ಕೆ ಮುರಿದು ಉದ್ದಕ್ಕೆ. ಒಂದರೊಳಗೊಂದು ಕೂರುವ ಸ್ಟೀಲ್ ಡಬ್ಬಿಗಳು ದೊಡ್ಡ–ಚಿಕ್ಕಕ್ಕೆ. ಮಾತಿನಲ್ಲಿ ಗಾತ್ರಕ್ಕೆ ‘ಚಿಕ್ಕ’, ದಾರಕ್ಕೆ ‘ಸಣ್ಣ’, ಕಡ್ಡಿಗೆ ‘ಮೋಟು’. ಆ ಪೆನ್ಸಿಲ್ ಹಾಳೆಯನ್ನು ಎತ್ತಿಟ್ಟೆ.

ಎರಡನೆಯದು ‘ಇಬ್ಬರು’. ಇಂಗ್ಲಿಷ್ ಕಾರ್ಡಿನಲ್ಲಿ ಎರಡು ಬೆಕ್ಕಿಗೂ ಎರಡು ಮಕ್ಕಳಿಗೂ ಎಣಿಕೆ ಪದ ಒಂದೇ. ನಮ್ಮಲ್ಲಿ ಬೆಕ್ಕು ಎರಡು, ಮಕ್ಕಳು ಇಬ್ಬರು. ಒಬ್ಬ, ಒಬ್ಬಳು, ಇಬ್ಬರು ಎಲ್ಲರ ಬಾಯಲ್ಲೂ ಇದೆ. ಮೂವರು, ನಾಲ್ವರು, ಐವರು ಬರವಣಿಗೆಯಲ್ಲಿ ಜಾಸ್ತಿ. ಮಾತಿನಲ್ಲಿ ಮೂರು ಜನ, ಕೆಲವು ಕಡೆ ಮೂರು ಮಂದಿ. ಈಗಷ್ಟೇ ಬೆರಳಿಟ್ಟು ‘ಒಂದು, ಎರಡು’ ಎಣಿಸಲು ಕಲಿತ ಮಗು ಮಕ್ಕಳ ಚಿತ್ರದ ಮೇಲೆ ಬೆರಳಿಟ್ಟು ಎರಡು ಅಂದರೆ, ನಾವು ‘ಎರಡು ಅಲ್ಲ, ಇಬ್ಬರು’ ಅನ್ನುತ್ತೇವೆ. ಎಣಿಕೆ ಸರಿಯಿದ್ದರೂ ತಪ್ಪಾಯಿತೇನೋ ಅಂತ ಮಗುವಿಗೆ ಅನ್ನಿಸುತ್ತದೆ. ಅದಕ್ಕೆ ಮೊದಮೊದಲು ಮನುಷ್ಯರಿರುವ ಕಾರ್ಡುಗಳನ್ನು ತೆಗೆದುಬಿಡುವುದು ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಎಣಿಕೆ ಗಟ್ಟಿಯಾದ ಮೇಲೆ ಊಟಕ್ಕೆ ಎಷ್ಟು ಜನ ಕೂತಿದ್ದೇವೆ ಅಂತ ಕೇಳುವಾಗ ಇಬ್ಬರು ತಾನಾಗೇ ಬರುತ್ತದೆ.

ಇದರ ಜೊತೆಗೇ ‘ಗಳು’. ಅಚ್ಚಾದ ಕನ್ನಡ ಕಾರ್ಡುಗಳಲ್ಲೂ ‘ಮೂರು ಬಾಳೆಹಣ್ಣುಗಳು’, ‘ಐದು ಚಮಚಗಳು’ ಅಂತ ಇರುತ್ತದೆ. ಮನೆಯಲ್ಲಿ ಯಾರೂ ಹಾಗನ್ನುವುದಿಲ್ಲ. ಮೂರು ಬಾಳೆಹಣ್ಣು ಕೊಡಿ ಅಂತಲೇ ಕೇಳುವುದು. ನಾನು ಪೆನ್ನಿನಲ್ಲಿ ಹೊಡೆದುಹಾಕುತ್ತೇನೆ.

ಕನ್ನಡದ ಅನುಕೂಲವನ್ನೂ ಹೇಳಬೇಕು. ‘ಎಷ್ಟನೇ’ ಅನ್ನುವ ಒಂದು ಪದದಿಂದ ನಾವು ಕೇಳುವ ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ಸುತ್ತಿ ಬಳಸಿ ಕೇಳಬೇಕು. ‘ಬೆಕ್ಕು ಎಷ್ಟನೇ ಮೆಟ್ಟಿಲ ಮೇಲೆ ಕೂತಿದೆ?’ ಇಂಥ ಪ್ರಶ್ನೆ ಅವರ ಹಾಳೆಗಳಲ್ಲಿ ಇರುವುದೇ ಕಡಿಮೆ, ನಾವಾಗೇ ಸೇರಿಸಿಕೊಳ್ಳಬೇಕು. ಹಾಗೇ ‘ತಟ್ಟೆಗೊಂದು ಲೋಟ’, ‘ಎಲ್ಲರಿಗೂ ಎರಡೆರಡು’. ಒಂದಕ್ಕೊಂದು ಹೊಂದಿಸುವುದು ಎಣಿಕೆಯ ಬುಡ. ಆ ಪಾಠ ನಮ್ಮ ಮಾತಿನಲ್ಲೇ ಸಿದ್ಧವಾಗಿದೆ. ಊಟಕ್ಕೆ ತಟ್ಟೆ ಹಾಕುವ ಕೆಲಸ ಮಗುವಿಗೆ ಕೊಟ್ಟರೆ ಆಯಿತು.

ಸಂಖ್ಯೆಗಳ ಹೆಸರೂ ಹಾಗೇ. ಹದಿಮೂರು ಅಂದಾಗ ಹತ್ತು ಮೊದಲು ಕೇಳಿಸುತ್ತದೆ, ಮೂರು ಆಮೇಲೆ. ಬರೆಯುವುದೂ ಅದೇ ಕ್ರಮದಲ್ಲಿ. ಇಂಗ್ಲಿಷಿನ ಥರ್ಟೀನ್‌ನಲ್ಲಿ ಮೂರು ಮೊದಲು ಬರುತ್ತದೆ. ಹಾಗಾಗಿ ಹತ್ತರ ಗುಂಪು ಕಲಿಸುವ ಸಾಮಾನನ್ನು ಕನ್ನಡದಲ್ಲೇ ಮೊದಲು ಆಡಿಸುವುದು ಲಾಭ. ಐದೈದರ ಎರಡು ಸಾಲಿನ ಹತ್ತು ಮನೆಗಳ ಚೌಕಟ್ಟು ಈಗ ಎಲ್ಲ ಕಡೆ ಸಿಗುತ್ತದೆ. ಅದಕ್ಕೆ ನಮ್ಮಲ್ಲಿ ಅಳಗುಳಿಮಣೆ ಇದೆ. ಸಾಲಿಗೆ ಏಳರಂತೆ ಎರಡು ಸಾಲು ಗುಳಿ. ಒಂದು ತುದಿಯಲ್ಲಿ ಎರಡೂ ಸಾಲಿನ ಎರಡೆರಡು ಗುಳಿಗಳನ್ನು ಬಟ್ಟೆಯಿಂದ ಮುಚ್ಚಿದರೆ ಹತ್ತು ಉಳಿಯುತ್ತದೆ. ಗುಳಿಗೊಂದು ಹುಣಸೆಬೀಜ. ಏಳು ಬೀಜ ಹಾಕಿದರೆ ಮೇಲಿನ ಸಾಲು ತುಂಬಿ ಕೆಳಗೆ ಎರಡು. ‘ಹತ್ತಕ್ಕೆ ಇನ್ನೆಷ್ಟು ಬೇಕು?’ ಖಾಲಿ ಗುಳಿ ಎಣಿಸಿದರೆ ಉತ್ತರ. ಬೀಜ ಬಾಯಿಗೆ, ಮೂಗಿಗೆ ಹಾಕಿಕೊಳ್ಳುವ ವಯಸ್ಸಿನ ಮಗುವಾದರೆ ಬೀಜ ಬೇಡವೇ ಬೇಡ. ಅವರಿಗೆ ಚಮಚ, ಲೋಟ, ನಿಂಬೆಹಣ್ಣು ಎಣಿಸಲು ಕೊಡಿ. ಹತ್ತು ಗುಳಿ ಉಳಿಸಿಕೊಂಡ ಈ ಮಣೆಯನ್ನು ನಾವು ‘ಹತ್ತರ ಮಣೆ’ ಅನ್ನುತ್ತಿದ್ದೇವೆ. ಚೌಕಟ್ಟು ಅಂದರೆ ಮಗುವಿಗೆ ಗೋಡೆಯ ಫೋಟೋ ನೆನಪಾಗುತ್ತದೆ.

ಮಾಂಟೆಸರಿಯವರದೇ ಇನ್ನೊಂದು ಪೆಟ್ಟಿಗೆ ಇದೆ. ಸೊನ್ನೆಯಿಂದ ಒಂಬತ್ತರವರೆಗೆ ಮನೆಗಳು, ನೂಲುವ ಕದಿರಿನಂಥ 45 ಕಡ್ಡಿಗಳು. ಸೊನ್ನೆಯ ಮನೆ ಖಾಲಿ ಉಳಿಯುತ್ತದೆ, ಸೊನ್ನೆ ಕಲಿಸಲು ಇದಕ್ಕಿಂತ ಚೆಂದದ ಸಾಮಾನು ನಾನು ನೋಡಿಲ್ಲ. ‘ಕದಿರು ಪೆಟ್ಟಿಗೆ’ ಅನ್ನಬಹುದೇ? ಕುಂದಾಪುರದ ಕಡೆಯವರಿಗೆ ಕದಿರು ಅಂದರೆ ಭತ್ತದ ತೆನೆ. ‘ಕಡ್ಡಿ ಪೆಟ್ಟಿಗೆ’ ಅಂದರೆ ಬೆಂಕಿಪೊಟ್ಟಣ ಅಂದುಕೊಂಡಾರು!

ಕೊನೆಯದೇ ನನಗೆ ತುಂಬಾ ಕಷ್ಟವಾಗಿರುವುದು: ಪ್ಯಾಟರ್ನ್. ಕೆಂಪು, ಹಳದಿ, ಕೆಂಪು, ಹಳದಿ... ಮುಂದೇನು ಅನ್ನುವ ಆಟ. ಪಾಠದ ಪುಸ್ತಕದಲ್ಲಿ ‘ವಿನ್ಯಾಸ’ ಅನ್ನುತ್ತಾರೆ. ವಿನ್ಯಾಸ ಅಂದರೆ ಕಣ್ಣಿಗೆ ಬರುವುದು ಸೀರೆಯ ಅಂಚು. ಅದೇ ಗುಂಪು ಮರಳಿ ಮರಳಿ ಬರಬೇಕು ಅನ್ನುವುದು ಅದರಲ್ಲಿಲ್ಲ. ‘ಮಾದರಿ’ ಅಂದರೆ ನೋಡಿ ಮಾಡಬೇಕಾದದ್ದು. ಎರಡೇ ಬಣ್ಣವಿದ್ದರೆ ‘ಒಂದು ಬಿಟ್ಟು ಒಂದು’ ಅಂದರೆ ಸಾಕು. ಹೂ ಕಟ್ಟುವಾಗ ‘ಎರಡು ಮಲ್ಲಿಗೆಗೆ ಒಂದು ಕನಕಾಂಬರ’ ಅಂತೀವಿ. ಅಷ್ಟು ಹೇಳಿದರೆ ಮಗು ಮುಂದಿನ ಹೂ ತಾನೇ ಎತ್ತಿಕೊಡುತ್ತದೆ. ಆದರೆ ಇವೆಲ್ಲಕ್ಕೂ ಸೇರಿ ಒಂದು ಹೆಸರು ಬೇಕಲ್ಲ.

ನನಗೆ ಹೊಳೆದದ್ದು ‘ವರಸೆ’. ಸಂಗೀತ ಕಲಿತವರಿಗೆ ಸರಳೆ ವರಸೆ, ಜಂಟಿ ವರಸೆ ಗೊತ್ತು. ಜಂಟಿ ವರಸೆಯ ‘ಸಸ ರಿರಿ ಗಗ ಮಮ’ ಕೇಳಿದರೆ ಸಾಕು, ಮುಂದೆ ‘ಪಪ’ ಅಂತ ಮಗುವಿಗೂ ಗೊತ್ತಾಗುತ್ತದೆ. ಚಪ್ಪಾಳೆಯಲ್ಲಿ, ಮಣಿಯಲ್ಲಿ, ಹೂವಿನಲ್ಲಿ ಎಲ್ಲೆಡೆ ಹೊಂದುತ್ತದೆ. ಅಡ್ಡಿ ಏನೆಂದರೆ ‘ಅವನ ವರಸೆಯೇ ಬೇರೆ’ ಅನ್ನುವಾಗ ಅದು ನಡವಳಿಕೆ, ಕತ್ತಿವರಸೆಯಲ್ಲಿ ಪಟ್ಟು.

ಈಗ ನನ್ನ ಪ್ರಶ್ನೆಗಳು. ದಾರ, ಕಡ್ಡಿಗಳಿಗೆ ದಪ್ಪದ ಎದುರು ಪದ ನಿಮ್ಮ ಮನೆಯಲ್ಲಿ ಯಾವುದು? ಧಾರವಾಡ, ಕಲಬುರಗಿ, ಕರಾವಳಿಯವರು ದಯವಿಟ್ಟು ಹೇಳಿ. ಮರಳಿ ಬರುವ ಸಾಲಿಗೆ ಹೂ ಕಟ್ಟುವವರು, ಚಾಪೆ ಬುಟ್ಟಿ ಹೆಣೆಯುವವರು, ರಂಗೋಲಿ ಹಾಕುವವರು ಬಳಸುವ ಪದ ಏನಾದರೂ ಇದೆಯೇ? 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ನಲಿ-ಕಲಿ (ಸರ್ಕಾರಿ ಶಾಲೆಗಳಲ್ಲಿ ಚಟುವಟಿಕೆ, ಕಾರ್ಡುಗಳ ಮೂಲಕ ಕಲಿಸುವ ಪದ್ಧತಿ) ಶುರುವಾದಾಗಿನಿಂದ ಕಾರ್ಡು ಹಿಡಿದು ಪಾಠ ಮಾಡಿದ ಮೇಷ್ಟ್ರು, ಟೀಚರುಗಳು ಎಷ್ಟೋ ಜನ ಇದ್ದಾರೆ. ಅಂಗನವಾಡಿ ಟೀಚರುಗಳಂತೂ ಇದೇ ವಯಸ್ಸಿನ ಮಕ್ಕಳ ಜೊತೆ ದಿನವೂ ಇರುವವರು. ಕಾರ್ಡಿನಲ್ಲಿ ಅಚ್ಚಾದ ಪದ ಬಿಟ್ಟು ಮಕ್ಕಳ ಎದುರು ಅವರು ಬಾಯಲ್ಲಿ ಏನನ್ನುತ್ತಿದ್ದರು? ನಿಮಗೆ ಅಂಥವರು ಯಾರಾದರೂ ಪರಿಚಯವಿದ್ದರೆ ಕೇಳಿ ಬರೆಯಿರಿ. ಎಲ್ಲಿಯ ಬಳಕೆ ಅಂತ ಊರಿನ ಹೆಸರೂ ಸೇರಿಸಿದರೆ ಇನ್ನೂ ಉಪಕಾರ.